ತನ್ನ ಹಾಡನ್ನು ತಾನೇ ಕದ್ದ ಆರೋಪ

1988. ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟು. ಸಾಕ್ಷಿಕಟ್ಟೆಯಲ್ಲಿ ಕುಳಿತ ಅಮೆರಿಕದ ರಾಕ್ ಗಾಯಕ ಜಾನ್ ಫೋಗರ್ಟಿಯವರ ಕೈಯಲ್ಲಿ ಗಿಟಾರು. ಜ್ಯೂರಿಯ ಎದುರು ಅದನ್ನು ನುಡಿಸುತ್ತಾ, ತಮ್ಮ ಹಾಡುಗಳು ಹೇಗೆ ಹುಟ್ಟುತ್ತವೆ ಎಂದು ವಿವರಿಸುತ್ತಿದ್ದಾರೆ. ದಾವೆ ಇದ್ದದ್ದು ಎರಡು ಹಾಡುಗಳ ಬಗ್ಗೆ: 1970ರ ‘ರನ್ ಥ್ರೂ ದ ಜಂಗಲ್’ ಮತ್ತು 1985ರ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’. ಎರಡನೆಯದು ಮೊದಲನೆಯದರ ನಕಲು ಎಂಬುದು ಆರೋಪ. ಎರಡನ್ನೂ ಬರೆದವರು, ಹಾಡಿದವರು ಫೋಗರ್ಟಿಯವರೇ.

ನಗು ಬರುವಂಥ ಈ ಕೇಸಿನ ಬೇರು ಇಪ್ಪತ್ತು ವರ್ಷ ಹಿಂದಿನದು. ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನ ನಾಲ್ವರು ಹುಡುಗರು ಶಾಲೆಯ ದಿನಗಳಿಂದ ಜೊತೆಯಲ್ಲಿ ನುಡಿಸುತ್ತಿದ್ದರು: ಜಾನ್, ಅವರ ಅಣ್ಣ ಟಾಮ್, ಸ್ಟು ಕುಕ್, ಡಗ್ ಕ್ಲಿಫರ್ಡ್. ಹಾಡು ಮುದ್ರಿಸುತ್ತಿದ್ದದ್ದು ಫ್ಯಾಂಟಸಿ ರೆಕಾರ್ಡ್ಸ್ ಎಂಬ ಪುಟ್ಟ ಕಂಪನಿಗೆ. 1967ರಲ್ಲಿ ಸಾಲ್ ಝೇಂಟ್ಸ್ ಪಾಲುದಾರರೊಂದಿಗೆ ಆ ಕಂಪನಿ ಕೊಂಡರು. ಬ್ಯಾಂಡಿಗೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಹೊಸ ಹೆಸರು ಬಂತು, ಹೊಸ ಕರಾರೂ ಆಯಿತು. ಹುಡುಗರು ಸಹಿ ಹಾಕಿದರು.

ಆಮೇಲೆ ನಡೆದದ್ದು ಜಡಿಮಳೆ. 1969 ಒಂದೇ ವರ್ಷದಲ್ಲಿ ಮೂರು ಆಲ್ಬಂ: ‘ಬಾಯೂ ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’. ಮರುವರ್ಷ ‘ಕಾಸ್ಮೋಸ್ ಫ್ಯಾಕ್ಟರಿ’. ಇವರ ಐದು ಸಿಂಗಲ್‌ಗಳು (ಬಿಡಿಯಾಗಿ ಹೊರತಂದ ಹಾಡಿನ ರೆಕಾರ್ಡುಗಳು) ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿದವು, ಮೊದಲನೆಯದಕ್ಕೆ ಒಂದೂ ಏರಲಿಲ್ಲ. (ಅಂದಹಾಗೆ, ‘ರನ್ ಥ್ರೂ ದ ಜಂಗಲ್’ ವಿಯೆಟ್ನಾಂ ಯುದ್ಧದ ಹಾಡೆಂದು ಇಂದಿಗೂ ನಂಬುವವರಿದ್ದಾರೆ. ಅದು ಅಮೆರಿಕದಲ್ಲಿ ಕೈಗೆ ಸಿಗುವ ಬಂದೂಕುಗಳ ಬಗ್ಗೆ ಎಂದು ಫೋಗರ್ಟಿ ಹೇಳಿದ್ದಾರೆ.)

ಬರೆಯುವುದು, ಹಾಡುವುದು, ತೀರ್ಮಾನಿಸುವುದು ಎಲ್ಲವೂ ಜಾನ್ ಕೈಯಲ್ಲೇ. ಉಳಿದವರಿಗೆ ಅದು ಸಹಿಸಲಾಗಲಿಲ್ಲ. 1971ರಲ್ಲಿ ಅಣ್ಣ ಹೊರಟರು, 1972ರಲ್ಲಿ ಬ್ಯಾಂಡೇ ಮುಗಿಯಿತು. ಕರಾರು ಮಾತ್ರ ಮುಗಿಯಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮುದ್ರಿತ ಹಾಡಿಗೆ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗ ಸೇರಿದ ರಚನೆಯ ಹಕ್ಕು ಒಂದು, ಸ್ಟುಡಿಯೊದಲ್ಲಿ ಮುದ್ರಿಸಿದ ಮಾಸ್ಟರ್‌ನ ಹಕ್ಕು ಇನ್ನೊಂದು. ಕ್ರೀಡೆನ್ಸ್ ಹಾಡುಗಳ ಎರಡೂ ಹಕ್ಕುಗಳು ಫ್ಯಾಂಟಸಿ ಕಡೆಗೇ ಹೋಗಿದ್ದವು. ಕರಾರಿನ ಕುಣಿಕೆಯಿಂದ ಪಾರಾಗಲು ಫೋಗರ್ಟಿ ಆ ಹಾಡುಗಳಿಂದ ತಮಗೆ ಬರಬೇಕಿದ್ದ ರಾಯಲ್ಟಿಯನ್ನೂ ಬಿಟ್ಟುಕೊಟ್ಟರು. ತಾನು ಹಾಡಿದಷ್ಟೂ ಝೇಂಟ್ಸ್‌ಗೆ ದುಡ್ಡು ಎಂಬ ಸಿಟ್ಟಿಗೆ ‘ಪ್ರೌಡ್ ಮೇರಿ’ಯಂಥ ಹಾಡನ್ನೂ ವೇದಿಕೆಯ ಮೇಲೆ ಹಾಡುವುದು ನಿಲ್ಲಿಸಿದರು. ಹಟ ಮುರಿದದ್ದು 1987ರಲ್ಲಿ. ನೀನು ಹಾಡದಿದ್ದರೆ ‘ಪ್ರೌಡ್ ಮೇರಿ’ ಅದನ್ನು ತಾನೂ ಹಾಡಿದ್ದ ಗಾಯಕಿ ಟೀನಾ ಟರ್ನರ್ ಹಾಡೆಂದೇ ಜನ ತಿಳಿಯುತ್ತಾರೆ ಎಂದು ಗಾಯಕ ಬಾಬ್ ಡಿಲನ್ ಚುಚ್ಚಿದ ಮೇಲೆ!

ಅಷ್ಟರಲ್ಲಿ ಫೋಗರ್ಟಿಯವರ 1985ರ ‘ಸೆಂಟರ್‌ಫೀಲ್ಡ್’ ಆಲ್ಬಂ ಮೊದಲ ಸ್ಥಾನಕ್ಕೇರಿತ್ತು. ಅದರ ‘ಝಾಂಜ್ ಕಾಂಟ್ ಡಾನ್ಸ್’ ಹಾಡಿನಲ್ಲಿದ್ದದ್ದು ಜೇಬುಗಳ್ಳ ಹಂದಿ. ಹೆಸರಿನ ಗುರಿ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಝೇಂಟ್ಸ್ ಮಾನನಷ್ಟ ದಾವೆ ಹೂಡಿದರು, ‘ಝಾಂಜ್’ ಹೋಗಿ ‘ವಾಂಜ್’ ಆಯಿತು. ಅದೇ ಆಲ್ಬಂನ ‘ಓಲ್ಡ್ ಮ್ಯಾನ್’ ಹಾಡಿನ ಮೇಲೆಯೇ, ‘ರನ್ ಥ್ರೂ ದ ಜಂಗಲ್’ ಹಕ್ಕು ಕೈಲಿದ್ದ ಫ್ಯಾಂಟಸಿ ನಕಲಿನ ಕೇಸು ಹಾಕಿದ್ದು.

ಜ್ಯೂರಿ ಫೋಗರ್ಟಿಯವರ ಪರ ನಿಂತಿತು. ಒಬ್ಬನ ಹಾಡುಗಳಲ್ಲಿ ಅವನದೇ ಚಾಳಿ ಇರದೆ ಇನ್ಯಾರದ್ದು ಇರಬೇಕು? ಆದರೆ ವಕೀಲರ ಖರ್ಚು ಹತ್ತು ಲಕ್ಷ ಡಾಲರ್ ದಾಟಿತ್ತು. ಹಕ್ಕುದಾರ ಗೆದ್ದರೆ ಸಲೀಸಾಗಿ ಸಿಗುತ್ತಿದ್ದ ಖರ್ಚು, ಆರೋಪಿ ಗೆದ್ದಾಗ ಸಿಗುವುದು ಕಷ್ಟವಿತ್ತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಬ್ಬರಿಗೂ ಒಂದೇ ಅಳತೆಗೋಲು ಎಂದಿತು. ನನ್ನ ಮಟ್ಟಿಗೆ ಈ ಜಗಳದಿಂದ ಬೇರೆಯವರಿಗೂ ಸಿಕ್ಕ ಲಾಭ ಇದೊಂದೇ.

2004ರಲ್ಲಿ ಕಾನ್‌ಕಾರ್ಡ್ ಕಂಪನಿ ಫ್ಯಾಂಟಸಿಯನ್ನು ಕೊಂಡು, ಫೋಗರ್ಟಿಯವರಿಗೆ ರಾಯಲ್ಟಿ ಮರಳಿ ಕೊಡತೊಡಗಿತು. ಝೇಂಟ್ಸ್ 2014ರಲ್ಲಿ ತೀರಿಕೊಂಡರು. 2023ರ ಜನವರಿಯಲ್ಲಿ, 77ರ ವಯಸ್ಸಿನಲ್ಲಿ, ಫೋಗರ್ಟಿ ರಚನೆಯ ಹಕ್ಕಿನ ಬಹುಪಾಲನ್ನು ಕೊಂಡುಕೊಂಡರು. ಮಾಸ್ಟರ್‌ಗಳು ಮಾತ್ರ ಕಾನ್‌ಕಾರ್ಡ್ ಬಳಿಯೇ ಉಳಿದವು. ಹಾಗಾಗಿ 2025ರಲ್ಲಿ, ಎಂಬತ್ತು ತುಂಬಿದ ಮೇಲೆ, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಹಳೆಯ ಇಪ್ಪತ್ತು ಹಾಡುಗಳನ್ನು ಹೊಸದಾಗಿ ಮುದ್ರಿಸಿ ಹೊರತಂದರು. ಪ್ರತಿ ಹಾಡಿನ ಹೆಸರಿನ ಮುಂದೆಯೂ ಒಂದು ಬಾಲಂಗೋಚಿ: ‘ಜಾನ್ಸ್ ವರ್ಷನ್’.