ಹೊಲದಲ್ಲಿ ರೋ ಹೌಸ್ ಏಳುವಾಗ ಆಕ್ಷೇಪಣೆ ಎಲ್ಲಿ, ಹೇಗೆ?

ಊರಂಚಿನ 3 ಎಕರೆ ರಾಗಿ ಹೊಲದಲ್ಲಿ 60 ರೋ ಹೌಸ್ (ಗೋಡೆಗೆ ಗೋಡೆ ತಾಗಿದ ಸಾಲುಮನೆ) ಬರುತ್ತವಂತೆ, ಊರೂ ನಗರಕ್ಕೆ ಸೇರುತ್ತದಂತೆ. ಈ ಎರಡು ಸುದ್ದಿ ಸಾಮಾನ್ಯವಾಗಿ ಜೋಡಿಯಾಗಿಯೇ ಬರುತ್ತವೆ. ಅಕ್ಕಪಕ್ಕದವರು ಪಂಚಾಯಿತಿ ಕಚೇರಿಗೆ ನುಗ್ಗಿ ಪಿಡಿಒ ಮೇಲೆ ಹರಿಹಾಯುತ್ತಾರೆ. ಎರಡರಲ್ಲಿ ಯಾವುದನ್ನೂ ನಿರ್ಧರಿಸುವುದು ಪಿಡಿಒ ಅಲ್ಲ.

ನಗರದ ಗಡಿ ಹಿಗ್ಗಿಸುವುದು ರಾಜ್ಯ ಸರ್ಕಾರ. ಸಂವಿಧಾನದ 243ಕ್ಯೂ ವಿಧಿ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಇಂಥವನ್ನು ನೋಡಬೇಕೆನ್ನುತ್ತದೆ. ಕರಡು ಅಧಿಸೂಚನೆಗೆ ಆಕ್ಷೇಪಣೆ ಹೋಗಬೇಕಾದ್ದು ಈ ಅಂಶಗಳ ಮೇಲೆ. ರೋ ಹೌಸ್ ಬೇಡ ಎಂದು ಅಲ್ಲಿ ಬರೆದರೆ ಅದು ವಿಷಯಕ್ಕೇ ಸಂಬಂಧಿಸುವುದಿಲ್ಲ.

ಹೊಲದ ಹಣೆಬರಹ ಇರುವುದು ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ. ನಕ್ಷೆಯಲ್ಲಿ ಆ ಸರ್ವೆ ನಂಬರ್ ಹಸಿರು ಬಣ್ಣದಲ್ಲಿದ್ದರೆ ಅದು ಕೃಷಿ ವಲಯ. ಅಲ್ಲಿ ಮನೆ ಕಟ್ಟಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಭೂ ಉಪಯೋಗ ಬದಲಾವಣೆ ಆಗಬೇಕು, ಅದಕ್ಕೆ ಸಾರ್ವಜನಿಕ ಆಕ್ಷೇಪಣೆ ಕರೆಯಬೇಕು. ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ, ಗಡುವೂ ಚಿಕ್ಕದು. ಆದರೆ ಆ ಜಾಗ ಆಗಲೇ ಹಳದಿ, ಅಂದರೆ ವಸತಿ ವಲಯ, ಆಗಿದ್ದರೆ? ಪ್ಲಾನ್ ಪರಿಷ್ಕರಣೆಯಾದಾಗಲೇ ತೀರ್ಮಾನ ಮುಗಿದಿರುತ್ತದೆ. ಆಮೇಲೆ ಕೃಷಿ ಜಮೀನನ್ನು ಕೃಷಿಯೇತರ ಮಾಡಿಸುವ ಡಿಸಿ ಕನ್ವರ್ಷನ್ ಬಹುಮಟ್ಟಿಗೆ ಶುಲ್ಕ ಕಟ್ಟುವ ಕೆಲಸ. ಹಾಗಾಗಿ ಮೊದಲು ನಕ್ಷೆ ನೋಡಿ, ಬ್ಯಾನರ್ ಆಮೇಲೆ ಬರೆಸಿ.

ಹಳದಿಯಾದ ಮೇಲೂ ಲೇಔಟ್ ಅನುಮೋದನೆಗೆ ಷರತ್ತು ಹಾಕಿಸಲು ಜಾಗವಿದೆ. ಅದಕ್ಕೆ ಲೆಕ್ಕ ಬೇಕು. 60 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 40,500 ಲೀಟರ್ ನೀರು. ಕೊಳವೆಬಾವಿ ಕೈಕೊಟ್ಟ ದಿನ 6,000 ಲೀಟರ್‌ನ ಏಳು ಟ್ಯಾಂಕರ್ ನಿಮ್ಮ ಬೀದಿಯಲ್ಲೇ ಹೋಗಬೇಕು. ಇದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ, ಅಂದರೆ 32,000 ಲೀಟರ್ ದಾಟುತ್ತದೆ. ಒಳಚರಂಡಿ ಇಲ್ಲದ ಊರಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಎಲ್ಲಿ, ಸಂಸ್ಕರಿಸಿದ ನೀರು ಎಲ್ಲಿಗೆ ಎಂಬುದನ್ನು ನಕ್ಷೆಯಲ್ಲೇ ತೋರಿಸಲಿ ಎಂದು ಕೇಳಿ.

ಮಳೆನೀರಿನ ಲೆಕ್ಕ ಇನ್ನೂ ಖಾರ. 3 ಎಕರೆ ಎಂದರೆ ಸುಮಾರು 12,140 ಚದರ ಮೀಟರ್. 50 ಮಿ.ಮೀ. ಮಳೆ ಬಿದ್ದರೆ 6 ಲಕ್ಷ ಲೀಟರ್. ಉತ್ತ ಹೊಲ ಅದರಲ್ಲಿ ಬಹುಪಾಲು ಕುಡಿದುಬಿಡುತ್ತದೆ. ತಾರಸಿ, ಕಾಂಕ್ರೀಟು ಕುಡಿಯುವುದಿಲ್ಲ. ಆ ನೀರೆಲ್ಲ ಒಂದೆರಡು ಗಂಟೆಯಲ್ಲಿ ತಗ್ಗಿನ ಮನೆಗಳತ್ತ ನುಗ್ಗುತ್ತದೆ. ಇಂಗುಗುಂಡಿ ಎಷ್ಟು, ಮೋರಿಯ ಅಗಲ ಎಷ್ಟು ಎಂಬುದೇ ಇಲ್ಲಿ ಸರಿಯಾದ ಪ್ರಶ್ನೆ.

ದಾಖಲೆಗಳಲ್ಲಿ ಪಹಣಿಯೊಂದೇ ಸಾಲದು. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕಾಶೆ) ಮೂರನ್ನೂ ತೆಗೆಸಿ. ಬಿ-ಖರಾಬ್ (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಗುಂಟೆಗಳು, ಕಾಲುವೆ, ನಕಾಶೆಯಲ್ಲಿ ಗುರುತಿಸಿದ ದಾರಿ ಹೊರಬೀಳುವುದು ಅಲ್ಲಿ. ರೋ ಹೌಸ್‌ಗಳಿಗೆ ಸುತ್ತ ಕಾಂಪೌಂಡ್ ಎದ್ದರೆ ಮೊದಲು ಮುಚ್ಚುವುದು ಹಿಂದಿನ ಹೊಲಗಳಿಗೆ ಹೋಗುವ ಬಂಡಿದಾರಿ. ಗೋಡೆ ಎದ್ದ ಮೇಲೆ ಅದನ್ನು ಬಿಡಿಸಲು ವರ್ಷಗಟ್ಟಲೆ ಅಲೆಯಬೇಕಾದೀತು. ಅನುಮೋದನೆಗೆ ಮುಂಚೆ ಒಂದು ಸರ್ವೆ ಅರ್ಜಿಯಲ್ಲಿ ಮುಗಿಯಬಹುದು.

ನಗರಕ್ಕೆ ಸೇರಿದರೆ ನೀರು ಬರುತ್ತದೆ ಎಂಬ ಮಾತನ್ನು ಹುಷಾರಾಗಿ ಕೇಳಿ. ಬೆಂಗಳೂರಿನ ಸುತ್ತಲ 110 ಹಳ್ಳಿಗಳು 2007ರಲ್ಲಿ ಬಿಬಿಎಂಪಿಗೆ ಸೇರಿದವು. ಅವುಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಆಸ್ತಿ ತೆರಿಗೆ 17 ವರ್ಷ ಕಾಯಲಿಲ್ಲ. ನೀರು, ಒಳಚರಂಡಿಗೆ ದಿನಾಂಕ, ಅನುದಾನ ಎರಡೂ ಬರಹದಲ್ಲಿ ಇರಲಿ ಎಂದು ಪಟ್ಟು ಹಿಡಿಯಬೇಕಾದ್ದು ಕರಡು ಹಂತದಲ್ಲೇ.

ಒಂದೇ ಪತ್ರದ 200 ಜೆರಾಕ್ಸ್‌ಗೆ ಸಹಿ ಹಾಕಿಸುವ ಚಾಳಿ ಇದೆ. ಕಚೇರಿಯಲ್ಲಿ ಅದನ್ನು ಒಂದೇ ಆಕ್ಷೇಪಣೆಯೆಂದು ಎಣಿಸಿಬಿಡಬಹುದು. ತಗ್ಗಿನ ಮನೆಯವರು ಮಳೆನೀರಿನ ಬಗ್ಗೆ, ಹಿಂದಿನ ಹೊಲದವರು ದಾರಿಯ ಬಗ್ಗೆ, ಕೊಳವೆಬಾವಿ ಇರುವವರು ಅಂತರ್ಜಲದ ಬಗ್ಗೆ ಬೇರೆಬೇರೆಯಾಗಿ, ಸರ್ವೆ ನಂಬರ್ ಸಮೇತ ಬರೆಯಲಿ. ಪತ್ರ ಕೊಟ್ಟು ಸುಮ್ಮನೆ ಬರಬೇಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದೆ ಮೇಲ್ಮನವಿಗೆ ಹೋದರೆ ವಕೀಲರು ಮೊದಲು ಕೇಳುವುದು ಆ ಹಾಳೆಯನ್ನು.