ಹೆಚ್ಚುವರಿ ಇಂಧನದ ಭಾರ ಎಲ್ಲಿ ಕೂರಬೇಕು?

ರಸ್ತೆ ಮುಗಿದ ಮೇಲೂ ಓಡಬೇಕಾದ ವಾಹನಕ್ಕೆ ಕಾರ್ಖಾನೆ ಕೊಟ್ಟ ಇಂಧನ ಟ್ಯಾಂಕ್ ಸಾಲುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ತಿಳಿಯಬಹುದು. ಡಾಂಬರಿನ ಮೇಲೆ ಲೀಟರಿಗೆ 10 ಕಿ.ಮೀ. ಓಡುವ ವಾಹನ, ಸಡಿಲ ಮರಳಿನಲ್ಲಿ ಕೆಳಗಿನ ಗೇರುಗಳಲ್ಲೇ ಏದುಸಿರು ಬಿಡುತ್ತ 6 ಕಿ.ಮೀ.ಗೆ ಇಳಿಯಿತು ಎಂದುಕೊಳ್ಳೋಣ. ಆಗ 60 ಲೀಟರಿನ ಟ್ಯಾಂಕ್ 600 ಕಿ.ಮೀ. ಬದಲು 360 ಕಿ.ಮೀ.ಗೇ ಬರಿದಾಗುತ್ತದೆ, ಉಳಿದ 240 ಕಿ.ಮೀ.ಗೆ ಇನ್ನೂ 40 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನ್ ಬೇಕು. ಈ ಲೆಕ್ಕ ಮಾಡದೆ, ನೋಡಲು ಚೆನ್ನಾಗಿರುತ್ತದೆ ಎಂಬ ಕಾರಣಕ್ಕೇ ಚಾವಣಿಯ ಮೇಲೆ ನಾಲ್ಕು ಕ್ಯಾನ್ ಸಾಲಾಗಿ ಕಟ್ಟಿಕೊಂಡು ಹೊರಡುವವರೂ ಇದ್ದಾರೆ. ಆ ನಾಲ್ಕು ಕ್ಯಾನುಗಳು ವಾಹನಕ್ಕೆ ಏನು ಮಾಡುತ್ತವೆ ಎಂಬುದು ಸರಳ ಬಲವಿಜ್ಞಾನದ ಪ್ರಶ್ನೆ.

ಪೆಟ್ರೋಲ್ ಲೀಟರಿಗೆ ಸುಮಾರು 0.74 ಕೆ.ಜಿ., ಡೀಸೆಲ್ ಸುಮಾರು 0.84 ಕೆ.ಜಿ. ತೂಗುತ್ತದೆ. ಉಕ್ಕಿನ ಕ್ಯಾನಿನ ಸ್ವಂತ ತೂಕವನ್ನೂ ಸೇರಿಸಿದರೆ ತುಂಬಿದ ಒಂದು ಕ್ಯಾನ್ 20 ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಎರಡು ಟನ್ ತೂಕದ, ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ ಗುರುತ್ವಕೇಂದ್ರವಿರುವ ವಾಹನವೊಂದರ ಚಾವಣಿಗೆ, ಅಂದರೆ ಸುಮಾರು 2 ಮೀಟರ್ ಎತ್ತರಕ್ಕೆ, ಇಂಥ ನಾಲ್ಕು ಕ್ಯಾನುಗಳನ್ನು ಏರಿಸಿದರೆ ಗುರುತ್ವಕೇಂದ್ರ ಸುಮಾರು 5 ಸೆಂ.ಮೀ. ಮೇಲೇರುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರ 1.5 ಮೀಟರ್ ಇದ್ದರೆ, ಅಡ್ಡ ಇಳಿಜಾರಿನಲ್ಲಿ ವಾಹನ ಮಗುಚಿ ಬೀಳುವ ಕೋನ 45 ಡಿಗ್ರಿಯಿಂದ 43ಕ್ಕೆ ಇಳಿಯುತ್ತದೆ. ಎರಡೇ ಡಿಗ್ರಿ ಎನ್ನಬಹುದು. ಆದರೆ ಈ ಲೆಕ್ಕ ಅಲುಗಾಡದೆ ನಿಂತ ವಾಹನದ್ದು. ಚಲಿಸುವ ವಾಹನದಲ್ಲಿ ಇಳಿಜಾರಿನ ಕೆಳಬದಿಯ ಸ್ಪ್ರಿಂಗುಗಳು ಕುಗ್ಗುತ್ತವೆ, ಮೇಲಿನ ಭಾರ ಇನ್ನಷ್ಟು ಹೊರಕ್ಕೆ ವಾಲುತ್ತದೆ, ಒಂದು ಚಕ್ರ ಕಲ್ಲಿನ ಮೇಲೆ ಏರಿ ಇಳಿದಾಗ ಆ ಓಲಾಟಕ್ಕೆ ವೇಗವೂ ಸೇರಿಕೊಳ್ಳುತ್ತದೆ. ಹೀಗಾಗಿ ಕಾಗದದ ಮೇಲೆ 43 ಡಿಗ್ರಿ ಎಂದು ತೋರುವ ಅಂಚು ನೆಲದ ಮೇಲೆ ಅದಕ್ಕಿಂತ ಬಹಳ ಮೊದಲೇ ಎದುರಾಗುತ್ತದೆ. ಇದರ ಜೊತೆಗೆ, ಅನೇಕ ವಾಹನಗಳ ಕೈಪಿಡಿಗಳು ಚಾವಣಿಯ ಮೇಲೆ ಒಪ್ಪುವ ಭಾರ 100 ಕೆ.ಜಿ. ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ರೂಫ್ ರ‍್ಯಾಕಿನ ತೂಕವೂ ಸೇರಿದೆ ಎಂಬುದನ್ನು ಮರೆಯುವುದು ಸುಲಭ. 30 ಕೆ.ಜಿ.ಯ ರ‍್ಯಾಕಿನ ಮೇಲೆ 80 ಕೆ.ಜಿ. ಇಂಧನ ಏರಿತೆಂದರೆ ಆ ಮಿತಿ ಆಗಲೇ ಮೀರಿತು. ಇಂಧನಕ್ಕೆ ಚಾವಣಿಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಗುರವಾದ ಹಾಸಿಗೆ, ಡೇರೆಗಳಿಗೆ ಆ ಜಾಗ ಬಿಟ್ಟುಕೊಡುವುದು ಒಳ್ಳೆಯದು.

ಹಿಂಬದಿಯಲ್ಲಿ ಕಟ್ಟುವುದು ಇದಕ್ಕಿಂತ ಮೇಲು, ಆದರೆ ಅಲ್ಲೂ ಸನ್ನೆಕೋಲಿನ ನಿಯಮ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ, ಅಂದರೆ ಚಕ್ರಗಳ ಅಚ್ಚುಗಳ, ನಡುವೆ 2.7 ಮೀಟರ್ ಅಂತರವಿದ್ದು, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆಗೆ ಎರಡು ಕ್ಯಾನುಗಳ 40 ಕೆ.ಜಿ. ತೂಗುಬಿದ್ದರೆ, ಹಿಂದಿನ ಚಕ್ರಗಳ ಮೇಲೆ ಬೀಳುವುದು 40 ಅಲ್ಲ, ಸುಮಾರು 58 ಕೆ.ಜಿ. ಹೆಚ್ಚಿನ 18 ಕೆ.ಜಿ. ಮುಂದಿನ ಚಕ್ರಗಳಿಂದ ಕಿತ್ತುಕೊಂಡದ್ದು. ಕಡಿದಾದ ಏರಿನಲ್ಲಿ ಸ್ಟೀರಿಂಗ್ ಹಗುರವಾಗುವುದಕ್ಕೂ, ಹಿಂಬದಿ ಕುಗ್ಗಿ ಬಂಪರ್ ನೆಲಕ್ಕೆ ತಾಗುವುದಕ್ಕೂ ಇದು ದಾರಿ ಮಾಡಿಕೊಡುತ್ತದೆ. ಭಾರಕ್ಕೆ ತಕ್ಕ ಸ್ಥಾನ ಎರಡು ಆಕ್ಸಲ್‌ಗಳ ನಡುವೆ, ಚಾಸಿಸ್‌ನ, ಅಂದರೆ ವಾಹನದ ಅಡಿಚೌಕಟ್ಟಿನ, ಮಟ್ಟದಲ್ಲಿ. ದೂರ ಪ್ರಯಾಣದ ವಾಹನಗಳಿಗೆ ಅಡಿಯಲ್ಲಿ ಕೂರಿಸುವ ದೊಡ್ಡ ಟ್ಯಾಂಕುಗಳು ಇದೇ ತತ್ತ್ವವನ್ನು ಪಾಲಿಸುತ್ತವೆ. ಖರ್ಚು ಹೆಚ್ಚಾದರೂ, ಮತ್ತೆ ಮತ್ತೆ ದೂರದ ಹಾದಿ ಹಿಡಿಯುವವರಿಗೆ ಅದೇ ಸರಿಯಾದ ಉತ್ತರ.

ಕ್ಯಾನೇ ಸಾಕು ಎಂದು ತೀರ್ಮಾನಿಸಿದವರು ಮುಂದೆ ಯೋಚಿಸಬೇಕಾದದ್ದು ಅದನ್ನು ವಾಹನಕ್ಕೆ ಹಿಡಿದಿಡುವ ಬ್ರಾಕೆಟ್ಟಿನ ಬಗ್ಗೆ. ಹೆಚ್ಚಿನವರು ಬ್ರಾಕೆಟ್ಟನ್ನು ಪರೀಕ್ಷಿಸುವ ಬಗೆ ಒಂದೇ: ಅದರ ಮೇಲೆ ಹತ್ತಿ ನಿಂತು ಕುಪ್ಪಳಿಸುವುದು. ಮುರಿಯದಿದ್ದರೆ ಗಟ್ಟಿ ಎಂದು ಅರ್ಥ. ಈ ಪರೀಕ್ಷೆ ಬಹುತೇಕ ನಿರರ್ಥಕ, ಏಕೆಂದರೆ ಬ್ರಾಕೆಟ್ಟುಗಳು ಸಾಮಾನ್ಯವಾಗಿ ಒಂದು ದೊಡ್ಡ ಹೊಡೆತಕ್ಕೆ ಮುರಿಯುವುದಿಲ್ಲ. ಲಕ್ಷಾಂತರ ಸಣ್ಣ ಹೊಡೆತಗಳಿಗೆ ದಣಿದು ಬಿರಿಯುತ್ತವೆ. ತಂತಿಯೊಂದನ್ನು ಎಳೆದು ತುಂಡರಿಸಲಾಗದವರೂ ಹಿಂದೆ ಮುಂದೆ ಹತ್ತಾರು ಬಾರಿ ಬಗ್ಗಿಸಿ ತುಂಡರಿಸುವುದು ಇದೇ ಬಗೆಯ ದಣಿವಿನಿಂದ. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲು ಗಾಡಿಗಳ ಆಕ್ಸಲ್‌ಗಳನ್ನು ಪರೀಕ್ಷಿಸಿ, ಒಮ್ಮೆ ಹೇರಿದರೆ ಲೋಹ ನಿರಾಯಾಸವಾಗಿ ತಾಳುವ ಭಾರವೇ ಅಸಂಖ್ಯ ಸಲ ಮರುಕಳಿಸಿದಾಗ ಅದನ್ನು ಮುರಿಯಬಲ್ಲದು ಎಂದು ತೋರಿಸಿಕೊಟ್ಟರು.

ಕಚ್ಚಾ ರಸ್ತೆಗಳಲ್ಲಿ ವಾಹನಗಳ ಓಡಾಟದಿಂದಲೇ ಮೂಡುವ ಅಡ್ಡಲೆಗಳನ್ನು ಗಮನಿಸಿ. ಅವುಗಳ ನಡುವಿನ ಅಂತರ 75 ಸೆಂ.ಮೀ. ಎಂದಿಟ್ಟುಕೊಂಡರೆ, ಗಂಟೆಗೆ 54 ಕಿ.ಮೀ. ವೇಗದಲ್ಲಿ ಓಡುವ ವಾಹನಕ್ಕೆ ಸೆಕೆಂಡಿಗೆ 20 ಹೊಡೆತ, ಗಂಟೆಗೆ 72,000 ಹೊಡೆತ ಬೀಳುತ್ತವೆ. ಸಸ್ಪೆನ್ಷನ್ ಬಹುಪಾಲನ್ನು ನುಂಗಿದರೂ ಉಳಿದದ್ದು ಬ್ರಾಕೆಟ್ಟನ್ನು ತಲುಪುತ್ತದೆ. ನಡುನಡುವೆ ಗುಂಡಿಗೆ ಬಿದ್ದಾಗ ಕ್ಷಣಮಾತ್ರಕ್ಕೆ ಭಾರ ಮೂರು ಪಟ್ಟಾಗುವುದೂ ಅಸಾಧ್ಯವಲ್ಲ. ಹಿಂಬಾಗಿಲಿಗೆ ಎರಡು ಕ್ಯಾನ್ ತಗುಲಿಸಿದ್ದರೆ ಆ ಕ್ಷಣದಲ್ಲಿ ಬಾಗಿಲಿನ ಮೇಲೆ ಬೀಳುವ ಬಲ ಸುಮಾರು 1,200 ನ್ಯೂಟನ್. ಕ್ಯಾನುಗಳ ಭಾರ ಕೀಲುಗಳಿಂದ 30 ಸೆಂ.ಮೀ. ಹೊರಗಿದ್ದು, ಮೇಲಿನ ಕೆಳಗಿನ ಕೀಲುಗಳ ನಡುವೆ 60 ಸೆಂ.ಮೀ. ಇದ್ದರೆ, ಮೇಲಿನ ಕೀಲನ್ನು 600 ನ್ಯೂಟನ್, ಅಂದರೆ ಸುಮಾರು 60 ಕೆ.ಜಿ. ತೂಕದಷ್ಟು ಬಲ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತದೆ. ತೆಳು ತಗಡಿನ ಬಾಗಿಲು ಇದಕ್ಕಾಗಿ ತಯಾರಾದದ್ದಲ್ಲ. ಅದಕ್ಕೇ ಅನುಭವಿಗಳು ಚಾಸಿಸ್‌ಗೆ ನೇರವಾಗಿ ಬೋಲ್ಟ್ ಹಾಕಿದ ಹಿಂಬಂಪರಿನಿಂದ ಹೊರಡುವ, ತಿರುಗುವ ತೋಳಿನ ಮೇಲೆ ಕ್ಯಾನುಗಳನ್ನು ಕೂರಿಸುತ್ತಾರೆ.

ಬಿರುಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬೆಸುಗೆಯ ಅಂಚು, ಚೂಪಾಗಿ ಕತ್ತರಿಸಿದ ಒಳಮೂಲೆ, ಉಜ್ಜಿ ನಯಗೊಳಿಸದ ರಂಧ್ರ, ಇವೇ ಅದರ ತವರು. ಪೀಡನ, ಅಂದರೆ ಲೋಹದ ಪ್ರತಿ ಚದರಳತೆಯ ಮೇಲೆ ಬೀಳುವ ಬಲ, ಅಲ್ಲಿ ಒಟ್ಟುಗೂಡುತ್ತದೆ. ಬೆಸೆದ ಉಕ್ಕಿನಲ್ಲಿ ಈ ಪೀಡನವನ್ನು ಅರ್ಧಕ್ಕೆ ಇಳಿಸಿದರೆ ಆಯುಷ್ಯ ಇಮ್ಮಡಿಯಲ್ಲ, ಸ್ಥೂಲವಾಗಿ ಎಂಟು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಎಲ್ಲ ಕಡೆ ದಪ್ಪ ಉಕ್ಕು ಹಾಕಿ ತೂಕ ಬೆಳೆಸುವ ಬದಲು, ಮೂಲೆಗೆ ತ್ರಿಕೋನಾಕಾರದ ಆಸರೆ ಪಟ್ಟಿ ಕೊಡುವುದು, ಬೋಲ್ಟಿನ ಹಿಂದೆ ಅಗಲವಾದ ತಗಡು ಇಟ್ಟು ಬಲವನ್ನು ಹರಡುವುದು ಹೆಚ್ಚು ಫಲ ಕೊಡುತ್ತವೆ. ಅಲ್ಯೂಮಿನಿಯಂ ಹಗುರವೆಂದು ಆರಿಸಿಕೊಳ್ಳುವವರು ಒಂದು ಮಾತು ತಿಳಿದಿರಬೇಕು: ಉಕ್ಕಿನಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನ ಪೀಡನವು ಬಹುಮಟ್ಟಿಗೆ ನಿರಪಾಯಕಾರಿ, ಅಲ್ಯೂಮಿನಿಯಂನಲ್ಲಿ ಅಂಥ ಸ್ಪಷ್ಟ ಮಿತಿಯಿಲ್ಲ; ಸಣ್ಣ ಕಂಪನವೂ ಅದರ ಲೆಕ್ಕಕ್ಕೆ ಜಮೆಯಾಗುತ್ತಲೇ ಹೋಗುತ್ತದೆ. ಕ್ಯಾನನ್ನು ಬಿಗಿಯಾಗಿ ಹಿಡಿಯುವುದೂ ಅಷ್ಟೇ ಮುಖ್ಯ. ಸಡಿಲವಾದ ಕ್ಯಾನ್ ಪ್ರತಿ ಗುಂಡಿಯಲ್ಲೂ ಎದ್ದು ಬಿದ್ದು ಬ್ರಾಕೆಟ್ಟನ್ನು ಬಡಿಯುತ್ತದೆ, ತನ್ನ ಗೋಡೆಯನ್ನೂ ಸವೆಸಿಕೊಳ್ಳುತ್ತದೆ. ಅಡಿಗೆ ರಬ್ಬರ್ ಹಾಸು, ಸುತ್ತ ರ‍್ಯಾಚೆಟ್ ಪಟ್ಟಿ ಇರಲಿ, ಹೊರಟು ಕೆಲವು ಕಿ.ಮೀ. ಆದ ಮೇಲೆ ನಿಲ್ಲಿಸಿ ಆ ಪಟ್ಟಿಯನ್ನು ಮತ್ತೊಮ್ಮೆ ಬಿಗಿಯಬೇಕು.

ಕ್ಯಾನಿನ ವಿನ್ಯಾಸದ ವಿಷಯದಲ್ಲಿ ಹೊಸದಾಗಿ ಹೇಳಬೇಕಾದದ್ದು ಕಡಿಮೆ, ಏಕೆಂದರೆ 1930ರ ದಶಕದ ಕೊನೆಯಲ್ಲಿ ಜರ್ಮನ್ ಸೇನೆಗಾಗಿ ರೂಪುಗೊಂಡ 20 ಲೀಟರಿನ ಜೆರಿಕ್ಯಾನ್ ಬಹುತೇಕ ಎಲ್ಲ ಪ್ರಶ್ನೆಗಳಿಗೂ ಆಗಲೇ ಉತ್ತರ ಕೊಟ್ಟಿತ್ತು. ಒತ್ತಿ ರೂಪಿಸಿದ ಎರಡು ಅರ್ಧಗಳನ್ನು ಒಂದೇ ಬೆಸುಗೆಯಿಂದ ಸೇರಿಸಲಾಗಿತ್ತು. ಮುಚ್ಚಳ ಸನ್ನೆಯಿಂದ ಬಿಗಿಯಾಗುತ್ತಿತ್ತು, ಸುರಿಯುವಾಗ ಗಾಳಿ ಒಳಬರಲು ಕೊಳವೆಯಿತ್ತು, ಮೂರು ಹಿಡಿಗಳಿದ್ದುದರಿಂದ ಇಬ್ಬರು ಸೇರಿಯೂ ಹೊರಬಹುದಿತ್ತು. ಉತ್ತರ ಆಫ್ರಿಕಾದ ಮರುಭೂಮಿ ಯುದ್ಧದಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಗಳು ದಾರಿಯುದ್ದಕ್ಕೂ ಸೋರುತ್ತಿದ್ದವು. ಶತ್ರುವಿನಿಂದ ವಶಪಡಿಸಿಕೊಂಡ ಜೆರಿಕ್ಯಾನುಗಳನ್ನು ಅವರು ತಮ್ಮವಕ್ಕಿಂತ ಹೆಚ್ಚು ಮೆಚ್ಚಿದರು, ಕೊನೆಗೆ ಅದನ್ನೇ ನಕಲು ಮಾಡಿದರು. ಅದರ ಪಕ್ಕಗಳಲ್ಲಿ ಕಾಣುವ X ಆಕಾರದ ತಗ್ಗುಗೆರೆಗಳು ಅಲಂಕಾರಕ್ಕಲ್ಲ. ಗೋಡೆಗೆ ಬಿಗುವು ಕೊಡುತ್ತ, ಒಳಗಿನ ದ್ರವ ಹಿಗ್ಗಿದಾಗ ಉಬ್ಬಲು ಅವಕಾಶ ಮಾಡಿಕೊಡುತ್ತವೆ.

ಆ ಹಿಗ್ಗುವಿಕೆ ಸಣ್ಣದೇನಲ್ಲ. ಮುಂಜಾನೆ 15 ಡಿಗ್ರಿಯಲ್ಲಿ ತುಂಬಿದ 20 ಲೀಟರ್ ಪೆಟ್ರೋಲ್ ಮಧ್ಯಾಹ್ನದ ಬಿಸಿಲಿನಲ್ಲಿ 45 ಡಿಗ್ರಿಗೆ ಕಾದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಕಂಠದವರೆಗೆ ತುಂಬಿದ ಕ್ಯಾನಿನಲ್ಲಿ ಅದಕ್ಕೆ ಜಾಗವೆಲ್ಲಿ? ಎತ್ತರದ ಪ್ರದೇಶದಲ್ಲಿ ತೊಂದರೆ ಇನ್ನೊಂದು ಬಗೆಯದು: 4,000 ಮೀಟರ್ ಎತ್ತರದಲ್ಲಿ ಹೊರಗಿನ ವಾಯುಭಾರ ಸಮುದ್ರಮಟ್ಟದ ಶೇ. 60ರಷ್ಟೇ ಇರುವುದರಿಂದ ಕೆಳಗೆ ಮುಚ್ಚಿದ ಕ್ಯಾನ್ ಮೇಲೆ ಉಬ್ಬಿಕೊಂಡಿರುತ್ತದೆ, ಮುಚ್ಚಳವನ್ನು ಥಟ್ಟನೆ ತೆರೆದರೆ ಆವಿಯೊಂದಿಗೆ ಇಂಧನವೂ ಚಿಮ್ಮುತ್ತದೆ. ಮೊದಲು ಸ್ವಲ್ಪವೇ ಸಡಿಲಿಸಿ ಒತ್ತಡ ಇಳಿಯಲು ಬಿಡಬೇಕು.

ಪೆಟ್ರೋಲಿನ ವಿಷಯದಲ್ಲಿ ಉರಿಯುವುದು ದ್ರವವಲ್ಲ, ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಡೀಸೆಲ್‌ಗೆ ಅದೇ ಸ್ಥಿತಿ ತಲುಪಲು ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರಿಹೋಗದೆ ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ. ವಾಹನದ ಒಳಗೆ, ಪ್ರಯಾಣಿಕರ ಜೊತೆಗೆ ಕ್ಯಾನ್ ಇಡಬಾರದೆಂಬ ನಿಯಮಕ್ಕೆ ಈ ಒಂದು ಕಾರಣವೇ ಸಾಕು. ಸ್ಥಿರ ವಿದ್ಯುತ್ತು ಮತ್ತೊಂದು ಅಪಾಯ. ಕೊಳವೆಯಲ್ಲಿ ಹರಿಯುವ ಇಂಧನ ವಿದ್ಯುದಾವೇಶವನ್ನು ಹೊತ್ತು ತರುತ್ತದೆ. ವಾಹನದ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟ ಕ್ಯಾನಿನಿಂದ ಅದು ನೆಲಕ್ಕೆ ಇಳಿಯಲಾರದೆ, ನಳಿಕೆ ಹತ್ತಿರ ಬಂದಾಗ ಕಿಡಿಯಾಗಿ ಹಾರಬಹುದು. ಆದ್ದರಿಂದ ಬಂಕಿನಲ್ಲಿ ಕ್ಯಾನನ್ನು ಬ್ರಾಕೆಟ್ಟಿನಿಂದ ಇಳಿಸಿ, ನೆಲದ ಮೇಲಿಟ್ಟು, ನಳಿಕೆಯನ್ನು ಕ್ಯಾನಿನ ಬಾಯಿಗೆ ತಾಗಿಸಿಕೊಂಡೇ ತುಂಬಬೇಕು.

ದಾರಿಯಲ್ಲಿ ಖಾಲಿ ಮಾಡುವ ಕ್ರಮಕ್ಕೂ ತರ್ಕವಿದೆ. ಮುಖ್ಯ ಟ್ಯಾಂಕಿನಲ್ಲಿ ಒಂದು ಕ್ಯಾನಿನಷ್ಟು ಜಾಗವಾದ ಕೂಡಲೇ, ಅತಿ ಎತ್ತರದಲ್ಲಿ ಅಥವಾ ಅತಿ ಹಿಂದೆ ಇರುವ ಕ್ಯಾನನ್ನು ಮೊದಲು ಬರಿದು ಮಾಡಬೇಕು, ಅದನ್ನೂ ಒಂದೇ ಸಲಕ್ಕೆ. ಅರ್ಧ ತುಂಬಿದ ಕ್ಯಾನಿನಲ್ಲಿ ದ್ರವ ತುಳುಕಾಡಿ ಬ್ರಾಕೆಟ್ಟಿಗೆ ಹೆಚ್ಚಿನ ಹೊಡೆತ ಕೊಡುತ್ತದೆ. ಹಾಗೆಂದು ಖಾಲಿಯಾದದ್ದನ್ನು ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ. ತುಂಬಿದ ಕ್ಯಾನಿನಲ್ಲಿ ಉರಿಯಲು ಬೇಕಾದಷ್ಟು ಗಾಳಿಗೆ ಎಡೆಯೇ ಇರುವುದಿಲ್ಲ, ಆದರೆ ಪೆಟ್ರೋಲ್ ಸುರಿದು ಬಾಯಿ ತೆರೆದಿಟ್ಟ ಕ್ಯಾನಿನೊಳಗೆ ಆವಿ ಮತ್ತು ಗಾಳಿ ಹೊತ್ತಿಕೊಳ್ಳಲು ತಕ್ಕ ಪ್ರಮಾಣದಲ್ಲಿ ಬೆರೆತಿರಬಹುದು. ಆದ್ದರಿಂದ ಬರಿದಾದ ಕ್ಯಾನಿಗೂ ಮುಚ್ಚಳ ಬಿಗಿದು, ತುಂಬಿದ್ದಾಗ ಕಟ್ಟಿದ ಅದೇ ಬ್ರಾಕೆಟ್ಟಿನಲ್ಲಿ, ಅದೇ ಪಟ್ಟಿಯಿಂದ ಕಟ್ಟಬೇಕು.