ನೋವಾ ಸ್ಕೋಷಿಯಾದ ಹಕ್ಕಿಗಳ ಹಳೆ ಹೆಸರು ಪತ್ತೆ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ಕೆನಡಾದ ನೋವಾ ಸ್ಕೋಷಿಯಾದಲ್ಲಿದ್ದೇನೆ. ಇಲ್ಲಿನ ಹಳಬರು ಹೇಳುವ ಹಕ್ಕಿ ಹೆಸರುಗಳು ಪಕ್ಷಿ ಕೈಪಿಡಿಯಲ್ಲಿ ಸಿಗುವುದಿಲ್ಲ. ಮೂಲನಿವಾಸಿ ಮಿಕ್ಮಾಕ್ ಜನರ ಹೆಸರುಗಳಂತೂ ಒಂದೊಂದು ಕಡೆ ಒಂದೊಂದು ಥರ ಇವೆ. ಯಾವುದು ಯಾವ ಹಕ್ಕಿ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಹಕ್ಕಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಹೆಸರಿನ ಬೆನ್ನು ಹತ್ತಿ. ಹೆಸರನ್ನೇ ನಂಬಿ ಹೊರಟರೆ ದಾರಿ ತಪ್ಪುವುದೇ ಜಾಸ್ತಿ.

ಅಲ್ಲಿನ ಬೇಟೆಗಾರರು ‘ಪಾರ್ಟ್ರಿಜ್’ ಅನ್ನುವುದು ಕಾಡಿನ ಗ್ರೌಸ್ ಅನ್ನುವ ಕೋಳಿಯಂಥ ಹಕ್ಕಿಗೆ. ಅದರಲ್ಲೂ ಎರಡು ಬಗೆ: ‘ಬರ್ಚ್ ಪಾರ್ಟ್ರಿಜ್’ ಅಂದರೆ ರಫ್ಡ್ ಗ್ರೌಸ್, ‘ಸ್ಪ್ರೂಸ್ ಪಾರ್ಟ್ರಿಜ್’ ಅಂದರೆ ಸ್ಪ್ರೂಸ್ ಗ್ರೌಸ್. ಯುರೋಪಿನಿಂದ ಬಂದು ನೆಲೆಸಿದವರು ತಮ್ಮೂರಿನ ಹಕ್ಕಿಗಳ ಹೆಸರನ್ನೇ ಅಲ್ಲಿನವಕ್ಕೂ ಇಟ್ಟುಬಿಟ್ಟರು. ಹಳಬರ ‘ಕ್ರೇನ್’ ಬಹುಪಾಲು ಗ್ರೇಟ್ ಬ್ಲೂ ಹೆರಾನ್ ಆಗಿರುವುದೂ ಹೀಗೆಯೇ.

ಇದು ಮಿಕ್ಮಾಕ್ ಹೆಸರು ಹುಡುಕುವವರಿಗೂ ಬೇಕಾದ ವಿಷಯ. ನಿಘಂಟು ತೆಗೆದರೆ ‘ಪ್ಲವೆಚ್’ ಎದುರು ‘ಪಾರ್ಟ್ರಿಜ್’ ಅಂತ ಇರುತ್ತದೆ. ಆ ಇಂಗ್ಲಿಷ್ ಪದವೂ ಊರಿನ ಆಡುಮಾತೇ ಅಲ್ವಾ? ಅದನ್ನು ಯುರೋಪಿನ ಪಾರ್ಟ್ರಿಜ್ ಅಂತ ಓದಿಕೊಂಡರೆ ಕೆಲಸ ಕೆಟ್ಟಿತು. ಹಾಗಾಗಿ ಎರಡೂ ಭಾಷೆಯ ಹೆಸರುಗಳನ್ನು ಜೊತೆಯಲ್ಲೇ ಹುಡುಕಬೇಕು.

ಕೆಲವು ಹೆಸರುಗಳು ಹಕ್ಕಿಯ ಗುರುತನ್ನು ತಾವೇ ಹೇಳುತ್ತವೆ. ಬಕದ ಜಾತಿಯ ಅಮೆರಿಕನ್ ಬಿಟರ್ನ್ ಜೊಂಡಿನ ನಡುವೆ ಕೊಕ್ಕು ಮೇಲೆತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದರ ಕಂದು ಗೆರೆಗಳು ಜೊಂಡಿನಲ್ಲೇ ಸೇರಿಹೋಗುತ್ತವೆ, ಎದುರಿಗಿದ್ದರೂ ಕಾಣುವುದಿಲ್ಲ. ಕೇಳುವುದು ದನಿ ಮಾತ್ರ: ಕೆಸರಿನಲ್ಲಿ ಗೂಟ ಹೊಡೆದ ಹಾಗೆ, ಇಲ್ಲವೇ ಹಳೇ ಪಂಪು ಗುಟುಕರಿಸಿದ ಹಾಗೆ. ಅದಕ್ಕೇ ಜನ ಇದನ್ನು ‘ಸ್ಟೇಕ್ ಡ್ರೈವರ್’, ‘ಥಂಡರ್ ಪಂಪ್’ ಅಂತ ಕರೆದರು. ಇಂಥ ಹೆಸರು ಕಿವಿಗೆ ಬಿದ್ದರೆ ಚಿತ್ರಕ್ಕಿಂತ ಮೊದಲು ದನಿಯ ರೆಕಾರ್ಡಿಂಗ್ ಹುಡುಕಿ.

ಮಿಕ್ಮಾಕ್ ಕಾಗುಣಿತದ ಗೊಂದಲಕ್ಕೂ ಕಾರಣವಿದೆ. 19ನೇ ಶತಮಾನದಲ್ಲಿ ಪಾದ್ರಿ ಸೈಲಸ್ ರ‍್ಯಾಂಡ್ ತನ್ನ ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದುಕೊಂಡ. ಅವನ ನಿಘಂಟು 1888ರಲ್ಲಿ ಬಂತು. ಈಗ ನೋವಾ ಸ್ಕೋಷಿಯಾದಲ್ಲಿ ಜಾಸ್ತಿ ಬಳಸುವುದು ಫ್ರಾನ್ಸಿಸ್-ಸ್ಮಿತ್ ಅನ್ನುವ ಬರವಣಿಗೆ ಪದ್ಧತಿ. ಕ್ವೆಬೆಕ್‌ನ ಲಿಸ್ಟುಗುಜ್‌ನಲ್ಲಿ ಬೇರೆ ಪದ್ಧತಿಯಿದೆ. ಹದ್ದಿನ ಹೆಸರನ್ನು ಒಂದು ಕಡೆ ‘ಕಿಟ್ಪು’ ಅಂತ, ಇನ್ನೊಂದು ಕಡೆ ‘ಗಿಟ್ಪು’ ಅಂತ ಬರೆಯುತ್ತಾರೆ. ಲೂನ್ ಹಕ್ಕಿ ‘ಕ್ವಿಮು’, ‘ಗ್ವಿಮು’ ಎರಡೂ ಆಗುತ್ತದೆ. ತಮಿಳಿನಲ್ಲಿ ಒಂದೇ ಅಕ್ಷರ ಕ, ಗ ಎರಡಕ್ಕೂ ನಡೆಯುತ್ತದಲ್ಲ, ಮಿಕ್ಮಾಕ್‌ನಲ್ಲೂ ಆ ಎರಡು ದನಿಗಳಿಂದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಕ ಸಿಗದಿದ್ದರೆ ಗ ಹಾಕಿ ಹುಡುಕಿ.

ಇನ್ನೊಂದು ಎಚ್ಚರಿಕೆ. ಮೂಲನಿವಾಸಿಗಳಿಂದ ಬಂದ ಹೆಸರೆಲ್ಲ ಮಿಕ್ಮಾಕ್ ಅಲ್ಲ. ಕೆನಡಾ ಜೇ ಹಕ್ಕಿಗಿರುವ ‘ವಿಸ್ಕಿ ಜ್ಯಾಕ್’ ಅನ್ನುವ ಹೆಸರಿಗೂ ಮದ್ಯಕ್ಕೂ ಸಂಬಂಧವಿಲ್ಲ. ಇನ್ನೊಂದು ಮೂಲನಿವಾಸಿ ಗುಂಪಾದ ಕ್ರೀ ಜನರ ಕಥೆಗಳಲ್ಲಿ ಬರುವ ವಿಸಕೆಜಾಕ್ ಅನ್ನುವ ಪಾತ್ರದ ಹೆಸರು ಇಂಗ್ಲಿಷ್ ಬಾಯಲ್ಲಿ ಹೀಗಾಯಿತು.

ಓದುವುದಕ್ಕಿಂತ ಕೇಳುವುದು ಒಳ್ಳೆಯದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಲಿಸ್ಟುಗುಜ್‌ನಲ್ಲಿ ಶುರುವಾದ ಮಿಕ್ಮಾಕ್ ಮಾತಾಡುವ ನಿಘಂಟು ಆನ್‌ಲೈನಿನಲ್ಲಿದೆ. ಅಲ್ಲಿ ಒಂದೇ ಪದವನ್ನು ಹಲವರ ಬಾಯಲ್ಲಿ ಕೇಳಬಹುದು. ಗೂಬೆಗೆ ‘ಕೂಕೂಕ್ವೆಸ್’ ಅನ್ನುವುದನ್ನು ಒಮ್ಮೆ ಕೇಳಿ ನೋಡಿ. ಇದು ಪುಸ್ತಕದಲ್ಲಿ ಮಾತ್ರ ಉಳಿದ ಭಾಷೆಯಲ್ಲ. 2022ರ ಕಾನೂನು ಇದನ್ನು ನೋವಾ ಸ್ಕೋಷಿಯಾದ ಮೊದಲ ಭಾಷೆ ಅಂತ ಮಾನ್ಯ ಮಾಡಿದೆ. ಎಸ್ಕಸೋನಿಯಂಥ ಊರುಗಳಲ್ಲಿ ಅದನ್ನು ಮಾತಾಡುವವರಿದ್ದಾರೆ. ಪರಿಚಯವಾದರೆ ಹಕ್ಕಿಯ ಚಿತ್ರ ತೋರಿಸಿ, ದನಿ ಕೇಳಿಸಿ, ವಿನಯದಿಂದ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳುವಾಗ ಊರು, ತಿಂಗಳು, ಹೇಳಿದವರು ಯಾರು ಅನ್ನುವುದನ್ನೂ ಸೇರಿಸಿ. ಹೆಸರನ್ನು ಬೇರೆ ಕಡೆ ಹಂಚುವ ಮುಂಚೆ ಅವರ ಒಪ್ಪಿಗೆ ಕೇಳಿ.